ಹಳೇ ಬಾಯ್ಲರಿಗೆ ಹೊಸ ದುಡ್ಡು

1980ರ ದಶಕದ ಆರಂಭದಲ್ಲಿ ದೇಶದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ತಮ್ಮ ತಾಕತ್ತಿನ ಅರ್ಧದಷ್ಟೇ ದುಡಿಯುತ್ತಿದ್ದವು. ಫಲಕದ ಮೇಲೆ ನೂರು ಮೆಗಾವಾಟ್ ಎಂದು ಕೆತ್ತಿದ ಯಂತ್ರದಿಂದ ವರ್ಷದ ಸರಾಸರಿಯಲ್ಲಿ ಐವತ್ತು ಸಿಕ್ಕರೆ ಅದೇ ದೊಡ್ಡದು. ಉಳಿದ ಐವತ್ತು ಎಲ್ಲಿ ಹೋಯಿತೆಂದು ಕೇಳಿದರೆ ಸ್ಥಾವರದ ಎಂಜಿನಿಯರ್ ಬಳಿ ಉತ್ತರಗಳ ಪಟ್ಟಿ ಸಿದ್ಧವಿರುತ್ತಿತ್ತು. ಬಾಯ್ಲರ್ ಟ್ಯೂಬ್ ಲೀಕಾಗಿದೆ, ಕಲ್ಲಿದ್ದಲು ಪುಡಿಮಾಡುವ ಮಿಲ್ ಸವೆದಿದೆ, ಕಲ್ಲಿದ್ದಲಿನಲ್ಲಿ ಕಲ್ಲೇ ಜಾಸ್ತಿ, ಬಿಡಿಭಾಗ ಬಂದಿಲ್ಲ, ಬಿಡಿಭಾಗ ತರಿಸಲು ರಾಜ್ಯ ವಿದ್ಯುತ್ ಮಂಡಳಿಯಲ್ಲಿ ಕಾಸಿಲ್ಲ. ಎಲ್ಲ ಉತ್ತರಗಳೂ ನಿಜವೇ ಆಗಿದ್ದವು.

ಕಲ್ಕತ್ತದಲ್ಲಿ ‘ಲೋಡ್ ಶೆಡ್ಡಿಂಗ್’ ಎಂಬ ಮಾತು ಬಂಗಾಳಿ ಮನೆಮಾತಿನಲ್ಲಿ ಕಲೆತು ಹೋದದ್ದು ಆ ಕಾಲದಲ್ಲೇ. ಕಲ್ಕತ್ತದ ಉತ್ತರಕ್ಕೆ, ಹೂಗ್ಲಿ ಜಿಲ್ಲೆಯ ತ್ರಿಬೇಣಿಯಲ್ಲಿ ನದಿಗೆ ಒತ್ತಿಕೊಂಡಂತೆ ಬಂಡೇಲ್ ಸ್ಥಾವರವಿತ್ತು. ಅದರ ಮೊದಲ ನಾಲ್ಕು ಯೂನಿಟ್‌ಗಳು 1965–66ರಲ್ಲಿ ಅಮೆರಿಕದ ನೆರವಿನ ಹಣದಲ್ಲಿ, ಅಮೆರಿಕದ ಯಂತ್ರಗಳಿಂದ ಎದ್ದಂಥವು. ಕೊಳ್ಳುವಾಗ ಒಂದೊಂದಕ್ಕೂ 82.5 ಮೆಗಾವಾಟಿನ ಶಕ್ತಿ. ಕೆಲವು ವರ್ಷ ದುಡಿದ ಮೇಲೆ ಅವಕ್ಕೆ ಅಷ್ಟು ಭಾರ ಹೊರುವುದು ಸಾಧ್ಯವಿಲ್ಲವೆಂದು ಕಾಗದದ ಮೇಲೂ 60 ಮೆಗಾವಾಟಿಗೆ ಇಳಿಸಲಾಯಿತು. ಮನುಷ್ಯರಿಗೆ ಹಿಂಬಡ್ತಿ ಕೊಟ್ಟರೆ ನ್ಯಾಯಾಲಯಕ್ಕೆ ಹೋಗುತ್ತಾರೆ. ಯಂತ್ರಗಳು ಸುಮ್ಮನೆ ಒಪ್ಪಿಕೊಂಡವು.

ಹೊಸ ಸ್ಥಾವರ ಕಟ್ಟಲು ವರ್ಷಗಳು ಬೇಕು, ಕೋಟಿಗಟ್ಟಲೆ ರೂಪಾಯಿ ಬೇಕು. ಇದ್ದದ್ದನ್ನೇ ರಿಪೇರಿ ಮಾಡಿಸಿದರೆ ಅಷ್ಟೇ ಕರೆಂಟು ಕಾಲು ಭಾಗದ ಖರ್ಚಿನಲ್ಲಿ ಸಿಗಬಹುದಲ್ಲ ಎಂಬ ಲೆಕ್ಕ ದೆಹಲಿಯ ಕಚೇರಿಗಳಲ್ಲಿ ಶುರುವಾಯಿತು. 1984ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ನವೀಕರಣ ಮತ್ತು ಆಧುನೀಕರಣ’ದ ಮೊದಲ ಹಂತಕ್ಕೆ ಚಾಲನೆ ಕೊಟ್ಟಿತು. ಉದ್ದದ ಆ ಹೆಸರನ್ನು ವಿದ್ಯುತ್ ವಲಯದ ಯಾರೂ ಪೂರ್ತಿ ಹೇಳುವುದಿಲ್ಲ. ಅಲ್ಲಿ ಅದು ಬರೀ ‘ಆರ್ ಅಂಡ್ ಎಂ’. ಪಟ್ಟಿಯಲ್ಲಿದ್ದದ್ದು 34 ಸ್ಥಾವರಗಳ 163 ಯೂನಿಟ್‌ಗಳು, ಒಟ್ಟು 13,570 ಮೆಗಾವಾಟ್. ಅದಕ್ಕೆಂದು ಕೇಂದ್ರ ಎತ್ತಿಟ್ಟ ಸಾಲದ ಮೊತ್ತ 500 ಕೋಟಿ ರೂಪಾಯಿ.

ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರಿರುವ ಸಂಭವವೇ ಇರಲಿಲ್ಲ. ಶರಾವತಿಯನ್ನು ನಂಬಿ ದೀಪ ಹಚ್ಚುತ್ತಿದ್ದ ರಾಜ್ಯಕ್ಕೆ ಕಲ್ಲಿದ್ದಲಿನ ಸ್ಥಾವರ ಒಂದೂ ಇರಲಿಲ್ಲ. ಕೃಷ್ಣಾ ದಡದ ಶಕ್ತಿನಗರದಲ್ಲಿ ರಾಯಚೂರು ಸ್ಥಾವರದ ಮೊದಲ 210 ಮೆಗಾವಾಟ್ ಯೂನಿಟ್ ಶುರುವಾದದ್ದು 1985ರ ಮಾರ್ಚ್‌ನಲ್ಲಿ. ಬೇರೆ ರಾಜ್ಯಗಳು ಹಳೆಯದಕ್ಕೆ ಹೊಲಿಗೆ ಹಾಕುತ್ತಿದ್ದಾಗ ಕರ್ನಾಟಕ ಹೊಸದನ್ನು ತೊಟ್ಟಿತ್ತು.

ಕಬ್ಬಿಣದ ಯಂತ್ರ ಇಪ್ಪತ್ತು ವರ್ಷಕ್ಕೇ ಏಕೆ ಹೀಗೆ ಮುದಿಯಾಗುತ್ತದೆ? ಬಹುಪಾಲು ಕಾರಣ ನಮ್ಮ ಕಲ್ಲಿದ್ದಲಿನಲ್ಲಿದೆ. ಅದರ ತೂಕದಲ್ಲಿ ಶೇ 35ರಿಂದ 45ರವರೆಗೆ ಬರೀ ಬೂದಿ. ಆ ಬೂದಿಯಲ್ಲಿರುವ ಸಿಲಿಕಾದ ಕಣಗಳು ಬಿಸಿ ಗಾಳಿಯ ಜೊತೆ ವೇಗವಾಗಿ ಹಾಯುವಾಗ ಬಾಯ್ಲರಿನೊಳಗಿನ ಕೊಳವೆಗಳನ್ನು ಮರಳುಕಾಗದ ತಿಕ್ಕಿದಂತೆ ಸವೆಸುತ್ತವೆ. ಒಂದು ದಿನ ಕೊಳವೆ ತೂತಾಗಿ ಹಬೆ ಚಿಮ್ಮುತ್ತದೆ, ಯೂನಿಟ್ ನಿಲ್ಲುತ್ತದೆ. ಬಾಯ್ಲರ್ ಆರಿ ತಣ್ಣಗಾಗಬೇಕು, ಒಳಗೆ ಇಳಿಯಬೇಕು, ಬೆಸುಗೆ ಹಾಕಬೇಕು, ಮತ್ತೆ ಎಣ್ಣೆ ಸುಟ್ಟು ಬಿಸಿ ಮಾಡಬೇಕು. ಮೂರ್ನಾಲ್ಕು ದಿನ ಹೋಯಿತು. ಹೀಗೆ ಆರಿಸಿ ಹಚ್ಚುವುದೇ ಲೋಹಕ್ಕೆ ಇನ್ನೊಂದು ಪೆಟ್ಟು. 540 ಡಿಗ್ರಿಯ ಹಬೆಯನ್ನು ವರ್ಷಗಟ್ಟಲೆ ಹೊತ್ತ ಉಕ್ಕು ನಿಧಾನಕ್ಕೆ ಹಿಗ್ಗುತ್ತ ಒಳಗೊಳಗೇ ಸೀಳುತ್ತದೆ. ಟರ್ಬೈನಿನ ಅಲಗುಗಳ ಮೇಲೆ ಲವಣ ಕೂರುತ್ತದೆ, ಕಂಡೆನ್ಸರ್ ಕೊಳವೆಗಳು ಸೋರುತ್ತವೆ. ಜೊತೆಗೆ, ಮೊದಲ ತಲೆಮಾರಿನ ಸ್ಥಾವರಗಳನ್ನು ರೂಪಿಸಿದ್ದೇ ಇನ್ನೂ ಒಳ್ಳೆಯ ಕಲ್ಲಿದ್ದಲನ್ನು ಮನಸ್ಸಿನಲ್ಲಿಟ್ಟುಕೊಂಡು. ಗಣಿಗಾರಿಕೆ ತೆರೆದ ಗುಂಡಿಗಳಿಗೆ ತಿರುಗಿ ಕಲ್ಲಿದ್ದಲಿನ ಗುಣ ಇಳಿಯುತ್ತ ಹೋದಂತೆ ಬೂದಿ ಹಿಡಿಯುವ ಉಪಕರಣಕ್ಕೆ ತಾಳಲಾಗದಷ್ಟು ಬೂದಿ ಬರತೊಡಗಿತು. ಸ್ಥಾವರದ ಸುತ್ತಲ ಹಳ್ಳಿಗಳ ಸೂರಿನ ಮೇಲೆ ಕೂತದ್ದು ಆ ಹೆಚ್ಚುವರಿಯೇ.

ಮೊದಲ ಹಂತ ಗೆದ್ದಿತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ವರ್ಷಕ್ಕೆ 700 ಕೋಟಿ ಯೂನಿಟ್ ಹೆಚ್ಚುವರಿ ವಿದ್ಯುತ್ ಗುರಿಯಾಗಿತ್ತು, ಸಿಕ್ಕಿದ್ದು 1,000 ಕೋಟಿ. ಗೆಲುವಿನ ಗುಟ್ಟು ಸರಳ. ಆಗ ಮಾಡಿದ್ದೆಲ್ಲ ಸಣ್ಣ ಕೆಲಸಗಳು. ಬೂದಿ ಹಿಡಿಯುವ ಉಪಕರಣ ದೊಡ್ಡದು ಮಾಡುವುದು, ಸವೆದ ಮಿಲ್ ಬದಲಿಸುವುದು, ಹಳೆಯ ನಿಯಂತ್ರಣ ಫಲಕ ತೆಗೆದು ಹೊಸದು ಹಾಕುವುದು. ಬಹುಪಾಲನ್ನು ವಾರ್ಷಿಕ ಓವರ್‌ಹಾಲ್ ಹೊತ್ತಿಗೇ ಮುಗಿಸಬಹುದಿತ್ತು. ದುಡ್ಡು ಕೇಂದ್ರದ್ದಾದ್ದರಿಂದ ರಾಜ್ಯಗಳು ಬೇಡವೆನ್ನಲಿಲ್ಲ.

ಎರಡನೇ ಹಂತದ ಕತೆಯೇ ಬೇರೆ. 1990–91ರಲ್ಲಿ 44 ಸ್ಥಾವರಗಳ 198 ಯೂನಿಟ್‌ಗಳನ್ನು, ಸುಮಾರು 20,870 ಮೆಗಾವಾಟನ್ನು ಪಟ್ಟಿ ಮಾಡಿದರು. ಈ ಬಾರಿ ಕೇಂದ್ರದ ನೇರ ಸಾಲದ ಬದಲು 1986ರಲ್ಲಿ ಹುಟ್ಟಿದ್ದ ಪವರ್ ಫೈನಾನ್ಸ್ ಕಾರ್ಪೊರೇಷನ್ ಸಾಲ ಕೊಡಬೇಕಿತ್ತು. ಅದು ಕೊಡಲು ತಯಾರಿತ್ತು, ಪಡೆಯಲು ಬೇಕಾದ ಯೋಗ್ಯತೆ ರಾಜ್ಯ ವಿದ್ಯುತ್ ಮಂಡಳಿಗಳಿಗೆ ಇರಲಿಲ್ಲ. ಹೊಲಕ್ಕೆ ಪುಕ್ಕಟೆ ಕರೆಂಟು, ತಂತಿಯಲ್ಲಿ ಕಳವು, ವಸೂಲಾಗದ ಬಿಲ್ಲು ಇವುಗಳ ನಡುವೆ ಮಂಡಳಿಗಳು ಕಲ್ಲಿದ್ದಲಿನ ಹಣವನ್ನೇ ಬಾಕಿ ಉಳಿಸಿಕೊಂಡಿದ್ದವು. ಸಾಲ ತೀರಿಸುತ್ತೇವೆಂದು ಹೇಳಿದರೆ ನಂಬುವವರು ಯಾರು? ಪಟ್ಟಿಯ ಬಹಳಷ್ಟು ಕೆಲಸ ಹಾಗೇ ಉಳಿಯಿತು.

ಆ ದಶಕದಲ್ಲೇ ಒಡಿಶಾದಲ್ಲಿ ಇನ್ನೊಂದು ದಾರಿ ತೆರೆಯಿತು. ತಾಲ್ಚೇರ್ ಸ್ಥಾವರ 460 ಮೆಗಾವಾಟಿನದು. 60 ಮೆಗಾವಾಟಿನ ನಾಲ್ಕು ಯೂನಿಟ್ 1960ರ ದಶಕದವು, 110 ಮೆಗಾವಾಟಿನ ಎರಡು 1980ರ ದಶಕದವು. ಕಲ್ಲಿದ್ದಲು ಗಣಿಯ ಬಾಯಲ್ಲೇ ಕೂತಿದ್ದರೂ ಸ್ಥಾವರ ಹಸಿದೇ ಇತ್ತು. ಒಡಿಶಾ ವಿದ್ಯುತ್ ಮಂಡಳಿಯ ಕೈಯಲ್ಲಿ ಅದನ್ನು ನಡೆಸಲಾಗಲಿಲ್ಲ. 1995ರ ಜೂನ್ 3ರಂದು ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಅದನ್ನು ವಹಿಸಿಕೊಂಡಿತು. ಆ ಕಂಪನಿಯ ದಾಖಲೆಯ ಪ್ರಕಾರ ಆಗ ಸ್ಥಾವರದ ಪಿಎಲ್‌ಎಫ್, ಅಂದರೆ ಪೂರ್ಣಶಕ್ತಿಯ ಎಷ್ಟು ಭಾಗ ದುಡಿಯುತ್ತಿದೆ ಎಂಬ ಅಳತೆ, ಶೇ 19ರ ಆಸುಪಾಸಿನಲ್ಲಿತ್ತು.

ಇದಕ್ಕೆ ಮೂರು ವರ್ಷ ಮೊದಲೇ, 1992ರಲ್ಲಿ, ಉತ್ತರಪ್ರದೇಶದ ಊಂಚಾಹಾರ್ ಹೀಗೆಯೇ ಕೈಬದಲಾಗಿತ್ತು. 2000ದ ಜನವರಿಯಲ್ಲಿ ಅದೇ ರಾಜ್ಯದ ಟಾಂಡಾದ ಸರದಿ ಬಂತು. ಮೂರೂ ಕಡೆ ರಾಜ್ಯದ ಕೈಯಲ್ಲಿದ್ದಾಗ ಪಿಎಲ್‌ಎಫ್ ಶೇ 20ರ ಆಚೀಚೆ. ಮೂರೂ ಕಡೆ ಕೆಲವೇ ವರ್ಷಗಳಲ್ಲಿ ಅದು ಏರಿತು. ತಾಲ್ಚೇರ್ ಕೊನೆಕೊನೆಗೆ ಶೇ 90 ದಾಟಿ, ದೇಶದಲ್ಲೇ ಅತಿ ಹೆಚ್ಚು ದುಡಿಯುವ ಸ್ಥಾವರಗಳ ಸಾಲಿನಲ್ಲಿ ನಿಂತಿತು. ನಲವತ್ತು ವರ್ಷ ದಾಟಿದ 60 ಮೆಗಾವಾಟಿನ ಗೊಡ್ಡು ಯಂತ್ರಗಳು ಮಾಡಿದ ಕೆಲಸವಿದು.

ಎನ್‌ಟಿಪಿಸಿ ಅಲ್ಲಿ ದುಡ್ಡು ಹಾಕಲಿಲ್ಲವೆಂದಲ್ಲ. ನೂರಾರು ಕೋಟಿ ಹಾಕಿತು. ಆದರೆ ಅಂಥದೇ ದುಡ್ಡು ಬೇರೆ ಕಡೆ ಬಿದ್ದಾಗ ಇಂಥ ಬೆಳೆ ಬರಲಿಲ್ಲ. ತಾಲ್ಚೇರಿನಲ್ಲಿ ಬಿಡಿಭಾಗ ಬೇಕಾದ ದಿನವೇ ಬಂತು, ಯೂನಿಟ್ ನಿಲ್ಲಿಸಬೇಕಾದಾಗ ನಿಲ್ಲಿಸಲು ಅಧಿಕಾರವಿದ್ದವರು ಸ್ಥಾವರದಲ್ಲೇ ಇದ್ದರು, ಟ್ಯೂಬ್ ಯಾವಾಗ ತೂತಾಗುತ್ತದೆಂದು ಕಾಯದೆ ಓವರ್‌ಹಾಲಿನಲ್ಲೇ ದಪ್ಪ ಅಳೆದು ಬದಲಿಸಿದರು. ರಾಜ್ಯ ಮಂಡಳಿಯಲ್ಲಿ ಒಂದು ಬೇರಿಂಗ್ ಕೊಳ್ಳಲು ಕಡತ ರಾಜಧಾನಿಗೆ ಹೋಗಿ ಬರಬೇಕಿತ್ತು. ಯಾವ ಸಾಲಪತ್ರದಲ್ಲೂ ಈ ವ್ಯತ್ಯಾಸಕ್ಕೆ ಒಂದು ಕಲಮಿಲ್ಲ.

ತಾಲ್ಚೇರಿನ ಹೆಸರು ಕನ್ನಡಿಗರ ಕಿವಿಗೂ ಅಪರಿಚಿತವಲ್ಲ. ಅಲ್ಲಿನ ಗಣಿಪ್ರದೇಶದ ಕಲ್ಲಿದ್ದಲು ರೈಲೇರಿ ರಾಯಚೂರಿಗೆ ಬರುತ್ತದೆ. ಹಳೆಯ ಸ್ಥಾವರದಿಂದ ಸ್ವಲ್ಪ ದೂರದ ಕನಿಹಾದಲ್ಲಿ ಎನ್‌ಟಿಪಿಸಿ ಕಟ್ಟಿದ ದೈತ್ಯ ಸ್ಥಾವರದಿಂದ 2003ರಲ್ಲಿ ಸುಮಾರು 1,400 ಕಿಲೋಮೀಟರ್ ಉದ್ದದ ನೇರವಿದ್ಯುತ್ ಮಾರ್ಗ ಹೊರಟು ಕೋಲಾರದಲ್ಲಿ ಮುಗಿಯಿತು. ದಕ್ಷಿಣದ ರಾಜ್ಯಗಳು ಅದರಲ್ಲಿ ಪಾಲು ಹಂಚಿಕೊಂಡವು.

ಹೊಸ ಶತಮಾನದಲ್ಲಿ ಹಳೇ ಸ್ಥಾವರಗಳಿಗೆ ದುಡ್ಡು ಕೊಡುವ ಕಾರಣವೇ ಬದಲಾಯಿತು. ಅದುವರೆಗೆ ಕೇಳುತ್ತಿದ್ದುದು ಎಷ್ಟು ಕರೆಂಟು ಹೆಚ್ಚುತ್ತದೆ ಎಂದು. ಈಗ ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಲ್ಲಿದ್ದಲು ಸುಡುತ್ತೀರಿ ಎಂದು ಕೇಳತೊಡಗಿದರು. ಅದಕ್ಕೆ ಸ್ಥಾವರದವರ ಅಳತೆ ‘ಹೀಟ್ ರೇಟ್’. ಒಂದು ಯೂನಿಟ್ ವಿದ್ಯುತ್ತಿನಲ್ಲಿರುವುದು 860 ಕಿಲೊಕ್ಯಾಲರಿ ಶಕ್ತಿ. ಸರಿಯಾಗಿರುವ 210 ಮೆಗಾವಾಟಿನ ಯಂತ್ರ ಅದನ್ನು ಕೊಡಲು 2,400 ಕಿಲೊಕ್ಯಾಲರಿಯಷ್ಟು ಕಲ್ಲಿದ್ದಲು ತಿನ್ನುತ್ತದೆ. ಕೆಟ್ಟು ಕೂತದ್ದು 3,000ದವರೆಗೂ ತಿನ್ನುತ್ತದೆ. ವ್ಯತ್ಯಾಸ ಸಣ್ಣದೆನ್ನಿಸಬಹುದು. ಕಿಲೋಗೆ 3,800 ಕಿಲೊಕ್ಯಾಲರಿಯ ಕಲ್ಲಿದ್ದಲಿನಲ್ಲಿ, ಮುಕ್ಕಾಲು ಪಾಲು ದುಡಿಯುವ ಯಂತ್ರದಲ್ಲಿ, ಅದು ವರ್ಷಕ್ಕೆ 2 ಲಕ್ಷ ಟನ್ನಿಗೂ ಹೆಚ್ಚು ಕಲ್ಲಿದ್ದಲು. ಅಷ್ಟನ್ನೂ ಸುಮ್ಮನೆ ಸುಟ್ಟು ಆಕಾಶಕ್ಕೆ ಬಿಟ್ಟಂತೆ.

ಈ ಲೆಕ್ಕ ವಿಶ್ವಬ್ಯಾಂಕಿಗೆ ಹಿಡಿಸಿತು. 2009ರ ಜೂನ್ 18ರಂದು ಅದು ಭಾರತದ ಕಲ್ಲಿದ್ದಲು ಸ್ಥಾವರಗಳ ಪುನಶ್ಚೇತನಕ್ಕೆ 18 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಜಾಗತಿಕ ಪರಿಸರ ನಿಧಿಯಿಂದ 4.54 ಕೋಟಿ ಡಾಲರ್ ಅನುದಾನವೂ ಜೊತೆಗೂಡಿತು. ಆಯ್ಕೆಯಾದವು ಮೂರು ರಾಜ್ಯಗಳ 640 ಮೆಗಾವಾಟ್: ಬಂಡೇಲ್‌ನ ಐದನೇ ಯೂನಿಟ್, ನಾಗಪುರದ ಬಳಿಯ ಕೊರಾಡಿಯ ಆರನೇ ಯೂನಿಟ್, ಹರಿಯಾಣದ ಪಾಣಿಪತ್‌ನ ಮೂರು ಮತ್ತು ನಾಲ್ಕನೆಯವು. ಮೊದಲೆರಡು 210 ಮೆಗಾವಾಟಿನವು, ಪಾಣಿಪತ್‌ನವು 110ರವು. ಇವು ಮಾದರಿಯಾಗಬೇಕು, ಇವನ್ನು ನೋಡಿ ದೇಶದ ಉಳಿದ ನೂರಾರು ಯೂನಿಟ್‌ಗಳು ಹಿಂಬಾಲಿಸಬೇಕು ಎಂಬುದು ಆಸೆ.

ಹವಾಮಾನ ಉಳಿಸಲು ಮೀಸಲಾದ ಹಣವನ್ನು ಕಲ್ಲಿದ್ದಲಿಗೆ ಕೊಡುವುದೇ? ಇಂಥ ಯಂತ್ರ ಮುಚ್ಚಿದರೆ ಸೊನ್ನೆ ಹೊಗೆ. ರಿಪೇರಿ ಮಾಡಿದರೆ ಯೂನಿಟ್ಟಿಗೆ ಹೊಗೆ ಕಡಿಮೆ, ಆದರೆ ಇನ್ನೂ ಹದಿನೈದು ವರ್ಷ ಹೊಗೆ. ಪರಿಸರವಾದಿಗಳ ಈ ತಕರಾರಿನಲ್ಲಿ ಹುರುಳಿತ್ತು. ದಿನಕ್ಕೆ ಎಂಟು ಗಂಟೆ ಕರೆಂಟು ಹೋಗುವ ಊರಿನಲ್ಲಿ ಕೂತವರಿಗೆ ಮಾತ್ರ ಮುಚ್ಚುವ ಮಾತು ಹೊಟ್ಟೆ ತುಂಬಿದವರದೆಂದು ಕೇಳಿಸುತ್ತಿತ್ತು. ಮಂಜೂರಾದ ವರ್ಷದಲ್ಲಿ ಎರಡನೆಯವರ ಮಾತೇ ನಡೆಯಿತು.

ನಿಜವಾದ ತೊಡಕು ಎದುರಾದದ್ದು ವಾದದಲ್ಲಲ್ಲ, ಟೆಂಡರಿನಲ್ಲಿ. ಹೊಸ ಸ್ಥಾವರ ಕಟ್ಟುವ ಗುತ್ತಿಗೆದಾರನಿಗೆ ತಾನು ಏನು ಕಟ್ಟುತ್ತೇನೆಂದು ಗೊತ್ತಿರುತ್ತದೆ. ಹಳೆಯದನ್ನು ರಿಪೇರಿ ಮಾಡುವವನಿಗೆ ಗೊತ್ತಿರುವುದಿಲ್ಲ. ಯಂತ್ರದ ಉಳಿದ ಆಯುಸ್ಸು ತಿಳಿಯಲು ಒಂದು ತಪಾಸಣೆಯುಂಟು. ಉಕ್ಕಿನ ಮೇಲ್ಮೈಯ ಅಚ್ಚು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಕೊಳವೆಯ ದಪ್ಪವನ್ನು ಶ್ರವಣಾತೀತ ಧ್ವನಿಯಿಂದ ಅಳೆಯುತ್ತಾರೆ. ಅದಕ್ಕಾಗಿ ಯೂನಿಟ್ ನಿಲ್ಲಿಸಬೇಕು. 210 ಮೆಗಾವಾಟಿನ ಯಂತ್ರ ನಿಲ್ಲಿಸಿದ ಪ್ರತಿದಿನ 35 ಲಕ್ಷ ಯೂನಿಟ್ಟಿಗೂ ಮೀರಿ ಕರೆಂಟು ಹೋಗುತ್ತದೆ. ಆದ್ದರಿಂದ ತಪಾಸಣೆ ಅರೆಬರೆ ನಡೆಯುತ್ತದೆ. ಕೆಲಸ ಶುರುವಾಗಿ ಉಷ್ಣನಿರೋಧಕ ಹೊದಿಕೆ ಬಿಚ್ಚಿದಾಗ ಪಟ್ಟಿಯಲ್ಲಿಲ್ಲದ ಬಿರುಕುಗಳು ಸಿಗುತ್ತವೆ. ಅದರ ಖರ್ಚು ಯಾರದು? ಗುತ್ತಿಗೆದಾರ ಆ ಭಯವನ್ನೆಲ್ಲ ಮೊದಲೇ ದರಕ್ಕೆ ಸೇರಿಸಿ ಟೆಂಡರ್ ಹಾಕುತ್ತಾನೆ. ಎಷ್ಟೋ ಸಲ ಟೆಂಡರೇ ಹಾಕುವುದಿಲ್ಲ.

ಬಂಡೇಲ್‌ನ ಐದನೇ ಯೂನಿಟ್ ಕೆಲಸಕ್ಕೆ ದಕ್ಷಿಣ ಕೊರಿಯದ ದೂಸಾನ್ ಕಂಪನಿ ಬಂತು. 2010ರ ದಶಕದ ಮಧ್ಯದ ಹೊತ್ತಿಗೆ ಯೂನಿಟ್ ಮರಳಿ ಹೊತ್ತಿಕೊಂಡಿತು. ಅದರ ಶಕ್ತಿ 210ರಿಂದ 215 ಮೆಗಾವಾಟಿಗೆ ಏರಿತ್ತು. ತಾಂತ್ರಿಕವಾಗಿ ಇದು ಯಶಸ್ಸು. ಆದರೆ ಸಾಲ ಮಂಜೂರಾಗಿ ಆಗಲೇ ಐದಾರು ವರ್ಷ ಕಳೆದಿತ್ತು. ಹರಿಯಾಣ ಯೋಜನೆಯಿಂದ ಹೊರಬಿತ್ತು, ಪಾಣಿಪತ್‌ನ ಆ ಎರಡು ಯೂನಿಟ್‌ಗಳು ನವೀಕರಣ ಕಾಣದೆ ನಿವೃತ್ತವಾದವು. ಕೊರಾಡಿ ಇನ್ನೂ ತಡವಾಯಿತು. ಅಲ್ಲಿ ಹಳೆಯ ಯೂನಿಟ್ಟಿನ ಪಕ್ಕದಲ್ಲೇ 660 ಮೆಗಾವಾಟಿನ ಮೂರು ಹೊಸ ಯಂತ್ರಗಳು ತಲೆಯೆತ್ತಿದ್ದವು. ವಿಶ್ವಬ್ಯಾಂಕ್ ಕೂಡ 2013ರಲ್ಲಿ ತನ್ನ ಇಂಧನ ನೀತಿ ಬದಲಿಸಿ, ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ಅಪರೂಪದ ಸಂದರ್ಭ ಬಿಟ್ಟರೆ ಸಾಲವಿಲ್ಲ ಎಂದಿತ್ತು. ಹಿಂಬಾಲಿಸಬೇಕಿದ್ದ ನೂರಾರು ಯೂನಿಟ್‌ಗಳು ಹಿಂಬಾಲಿಸಲಿಲ್ಲ.

ಸಾರ್ವಜನಿಕ ವಲಯದ ಬಿಎಚ್‌ಇಎಲ್ ಹಿಡಿದ ಕೆಲಸಗಳೂ ಬೇಗ ಮುಗಿಯಲಿಲ್ಲ. ಉತ್ತರಪ್ರದೇಶದ ಓಬ್ರಾದಲ್ಲಿ 200 ಮೆಗಾವಾಟಿನ ಐದು ಯೂನಿಟ್‌ಗಳ ನವೀಕರಣ ಒಂದು ದಶಕವನ್ನೂ ಮೀರಿ ಎಳೆಯಿತು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಪಂಜಾಬಿನ ಬಠಿಂಡಾವನ್ನು ನೋಡಬೇಕು. 1969ರಲ್ಲಿ ಗುರು ನಾನಕರ 500ನೇ ಜಯಂತಿಯ ನೆನಪಿಗೆ ಅಡಿಗಲ್ಲು ಹಾಕಿ, 1974ರಿಂದ ಒಂದೊಂದಾಗಿ 110 ಮೆಗಾವಾಟಿನ ನಾಲ್ಕು ಯೂನಿಟ್‌ಗಳನ್ನು ಚಾಲೂ ಮಾಡಿದ್ದ ಸ್ಥಾವರ ಅದು. ಹತ್ತಿ ಬೆಳೆಯುವ ಒಣನೆಲದಲ್ಲಿ ಅದರ ಕೆರೆಗಳು, ತಂಪುಗೋಪುರಗಳು ಊರಿನ ಗುರುತೇ ಆಗಿಹೋಗಿದ್ದವು. ಅದರ ನವೀಕರಣ ಎರಡು ಕಂತುಗಳಲ್ಲಿ ನಡೆದು 2014ರಲ್ಲಿ ಮುಗಿಯಿತು. ಖರ್ಚು 700 ಕೋಟಿ ರೂಪಾಯಿಗೂ ಮಿಕ್ಕಿ. ಒಟ್ಟು ಶಕ್ತಿ 440ರಿಂದ 460 ಮೆಗಾವಾಟಿಗೆ ಏರಿತು, ಆಯುಸ್ಸು 2020ರ ದಶಕದೊಳಕ್ಕೆ ಚಾಚಿತು.

ಅಷ್ಟರಲ್ಲಿ ಪಂಜಾಬಿನಲ್ಲಿ ಖಾಸಗಿಯವರ ದೊಡ್ಡ ಸ್ಥಾವರಗಳು ಬಂದಿದ್ದವು. ತಲವಂಡಿ ಸಾಬೋದಲ್ಲಿ 1,980 ಮೆಗಾವಾಟ್, ರಾಜಪುರದಲ್ಲಿ 1,400. ಅವರಿಂದ ಕರೆಂಟು ಕೊಂಡರೂ ಕೊಳ್ಳದಿದ್ದರೂ ಸ್ಥಿರಶುಲ್ಕ ಕೊಡಬೇಕೆಂಬುದು ಒಪ್ಪಂದ. ಯಾರ ಕರೆಂಟು ಅಗ್ಗವೋ ಅವರ ಯಂತ್ರ ಮೊದಲು ಎಂಬ ನಿಯಮದಲ್ಲಿ ಬಠಿಂಡಾ ಸಾಲಿನ ತುದಿಗೆ ತಳ್ಳಿಸಿಕೊಂಡಿತು. ಹೊಸದಾಗಿ ರಿಪೇರಿಯಾದ ಯೂನಿಟ್‌ಗಳು ಆದೇಶಕ್ಕೆ ಕಾಯುತ್ತ ತಣ್ಣಗೆ ನಿಂತವು. 2017ರ ಡಿಸೆಂಬರ್‌ನಲ್ಲಿ ಪಂಜಾಬ್ ಸಚಿವ ಸಂಪುಟ ಸ್ಥಾವರ ಮುಚ್ಚಲು ತೀರ್ಮಾನಿಸಿತು, 2018ರ ಜನವರಿ 1ರಿಂದ ಅದು ಜಾರಿಗೆ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಇನ್ನೊಂದು ಮಗ್ಗುಲು ಪಡೆಯಿತು. ದುಡ್ಡು ಕೊಟ್ಟು ಹಲ್ಲು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಊಟವೇ ಮುಗಿದಿತ್ತು.

ದೇಶದ ಅಂಕಿಗಳೂ ಇದನ್ನೇ ಹೇಳುತ್ತವೆ. ಕಲ್ಲಿದ್ದಲು ಸ್ಥಾವರಗಳ ಸರಾಸರಿ ಪಿಎಲ್‌ಎಫ್ 2007–08ರಲ್ಲಿ ಶೇ 78ನ್ನು ದಾಟಿ ಶಿಖರ ಮುಟ್ಟಿತ್ತು. ಹತ್ತೇ ವರ್ಷದಲ್ಲಿ ಅದು ಶೇ 60ಕ್ಕೆ ಬಿತ್ತು. 1984ರಲ್ಲಿ ಯಂತ್ರ ಕೆಟ್ಟು ನಿಲ್ಲುತ್ತಿತ್ತು. 2017ರಲ್ಲಿ ಯಂತ್ರ ಸರಿಯಿದ್ದೂ ನಿಂತಿತ್ತು, ಏಕೆಂದರೆ ದೇಶ ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿಕೊಂಡಿತ್ತು.

ಬಿಹಾರದ ಕಾಂಟಿ ಸ್ಥಾವರದ ಕತೆ ಮಂಗಳೂರಿನವರಿಗೆ ಸ್ವಲ್ಪ ಹತ್ತಿರದ್ದು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಆ ಕ್ಷೇತ್ರಕ್ಕೆ ತಂದ ಕೊಡುಗೆಗಳಲ್ಲಿ ಕಾಂಟಿ ಸ್ಥಾವರವೂ ಒಂದು. 110 ಮೆಗಾವಾಟಿನ ಎರಡು ಯೂನಿಟ್‌ಗಳು 1980ರ ದಶಕದ ಮಧ್ಯದಲ್ಲಿ ಶುರುವಾದವು. ಇಪ್ಪತ್ತು ವರ್ಷವೂ ಬಾಳಲಿಲ್ಲ. 2000ದಲ್ಲಿ ಜಾರ್ಖಂಡ್ ಬೇರೆಯಾದಾಗ ಗಣಿಗಳು, ದೊಡ್ಡ ಸ್ಥಾವರಗಳು ಅತ್ತ ಹೋದವು. ಬಿಹಾರದ ಪಾಲಿಗೆ ಉಳಿದದ್ದು ಬರೌನಿ, ಕಾಂಟಿ. ಎರಡೂ ಹೆಚ್ಚುಕಡಿಮೆ ಮೂಲೆ ಸೇರಿದ್ದವು. ಕಾಂಟಿಯಂತೂ ಕೆಲವೇ ವರ್ಷಗಳಲ್ಲಿ ಪೂರ್ತಿ ನಿಂತುಹೋಯಿತು.

ಇಲ್ಲಿ ದುಡ್ಡು ಬಂದದ್ದು ಸಾಲವಾಗಿ ಅಲ್ಲ, ಅನುದಾನವಾಗಿ. ಹಿಂದುಳಿದ ಪ್ರದೇಶಗಳಿಗೆಂದು ಕೇಂದ್ರ ರೂಪಿಸಿದ್ದ ರಾಷ್ಟ್ರೀಯ ಸಮ ವಿಕಾಸ ಯೋಜನೆಯಲ್ಲಿ ಎರಡೂ ಸ್ಥಾವರಗಳಿಗೆ ಸೇರಿ ಸಾವಿರ ಕೋಟಿ ರೂಪಾಯಿ ದಾಟಿದ ಮೊತ್ತ ಮಂಜೂರಾಯಿತು. 2006ರಲ್ಲಿ ಎನ್‌ಟಿಪಿಸಿ ಮತ್ತು ಬಿಹಾರ ಸೇರಿ ಕಂಪನಿ ಕಟ್ಟಿದವು. ನವೀಕರಿಸಿದ ಮೊದಲ ಯೂನಿಟ್ 2013ರ ನವೆಂಬರ್‌ನಲ್ಲಿ, ಎರಡನೆಯದು 2014ರ ನವೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. 2014ರಲ್ಲೇ ಸ್ಥಾವರಕ್ಕೆ ಜಾರ್ಜ್ ಫರ್ನಾಂಡಿಸ್ ಹೆಸರಿಟ್ಟರು. 2021ರಲ್ಲಿ ಆ ಎರಡೂ ಯೂನಿಟ್‌ಗಳನ್ನು ಮುಚ್ಚಲಾಯಿತು. ನವೀಕರಣಕ್ಕೆ ಹಿಡಿದ ಕಾಲ, ನವೀಕರಣದ ನಂತರ ಬಾಳಿದ ಕಾಲ ಸರಿಸುಮಾರು ಸಮ. ಆಮೇಲೆ ಸೇರಿಸಿದ 195 ಮೆಗಾವಾಟಿನ ಎರಡು ಹೊಸ ಯೂನಿಟ್‌ಗಳು ಮಾತ್ರ ಉಳಿದವು.

ಹಳೆಯ ಯಂತ್ರಗಳ ಮೇಲೆ ಇನ್ನೊಂದು ಭಾರ ಬಿದ್ದದ್ದು 2015ರ ಡಿಸೆಂಬರ್ 7ರಂದು. ಅಂದು ಪರಿಸರ ಸಚಿವಾಲಯ ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್, ಬೂದಿಕಣ, ಪಾದರಸಗಳಿಗೆ ಹೊಸ ಮಿತಿ ಹಾಕಿತು. ಗಂಧಕ ಹಿಡಿಯುವ ಎಫ್‌ಜಿಡಿ ಘಟಕವನ್ನು ಹಳೆಯ ಸ್ಥಾವರದ ಇಕ್ಕಟ್ಟಿನಲ್ಲಿ ತುರುಕಲು ಜಾಗವೂ ಬೇಕು, ಕೋಟಿಗಳೂ ಬೇಕು. ಇನ್ನೈದು ವರ್ಷ ಬಾಳುವ ಯಂತ್ರಕ್ಕೆ ಅದನ್ನು ಕಟ್ಟುವುದು ಯಾರಿಗೂ ಲಾಭವಿಲ್ಲ. ತಾಲ್ಚೇರಿನಂಥ ಸ್ಥಾವರಗಳ ಕತೆ ಮುಗಿದದ್ದು ಇಲ್ಲೇ. ಶೇ 90 ದುಡಿಯುತ್ತಿದ್ದ ಆ ಮುದಿ ಯೂನಿಟ್‌ಗಳು 2021ರ ಮಾರ್ಚ್ 31ರಂದು ಆರಿದವು. ಅಲ್ಲೇ 660 ಮೆಗಾವಾಟಿನ ಎರಡು ಹೊಸ ಯೂನಿಟ್‌ಗಳಿಗೆ ಪ್ರಧಾನಿ 2024ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆ ಮಾಡಿದರು.

ಎಫ್‌ಜಿಡಿಯ ಗಡುವು ಮಾತ್ರ ಮುಂದೆ ಮುಂದೆ ಹೋಯಿತು. 2017 ಎಂದದ್ದು 2022 ಆಯಿತು, ಮತ್ತೆ ಸರಿಯಿತು. ಕೊನೆಗೆ 2025ರ ಜುಲೈನಲ್ಲಿ ಬಂದ ಅಧಿಸೂಚನೆ ಸುಮಾರು ಶೇ 78ರಷ್ಟು ಯೂನಿಟ್‌ಗಳಿಗೆ ಅದು ಬೇಕೇ ಇಲ್ಲವೆಂದಿತು. ದೆಹಲಿ ರಾಜಧಾನಿ ವಲಯ ಮತ್ತು ಹತ್ತು ಲಕ್ಷ ದಾಟಿದ ನಗರಗಳ ಹತ್ತು ಕಿಲೋಮೀಟರ್ ಒಳಗಿನವಕ್ಕೆ 2027ರ ಕೊನೆಯ ಗಡುವು ಉಳಿಯಿತು. ಹತ್ತು ವರ್ಷ ಈ ಖರ್ಚಿನ ಹೆದರಿಕೆಯಲ್ಲೇ ಎಷ್ಟೋ ಹಳೆಯ ಯೂನಿಟ್‌ಗಳನ್ನು ಮುಚ್ಚಿದ್ದರೆಂಬುದು ಬೇರೆ ಮಾತು.

ಕೊರತೆಯೂ ಹಿಂದಿರುಗಿತ್ತು. 2021ರ ಶರತ್ಕಾಲದಲ್ಲಿ ಸ್ಥಾವರಗಳ ಕಲ್ಲಿದ್ದಲು ದಾಸ್ತಾನು ಕರಗಿತು, 2022ರ ಬಿಸಿಲಿನಲ್ಲಿ ಬೇಡಿಕೆ ದಾಖಲೆ ಮುರಿಯಿತು. 2023ರ ಜನವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ರಾಜ್ಯಗಳಿಗೆ, ಕಂಪನಿಗಳಿಗೆ ಪತ್ರ ಬರೆದು 2030ರವರೆಗೆ ಯಾವ ಕಲ್ಲಿದ್ದಲು ಯೂನಿಟ್ಟನ್ನೂ ನಿವೃತ್ತಿಗೊಳಿಸಬೇಡಿ, ಬೇಕಿದ್ದರೆ ನವೀಕರಿಸಿ ಎಂದಿತು. 2024ರ ಮೇ 30ರಂದು ದೇಶದ ಗರಿಷ್ಠ ಬೇಡಿಕೆ 250 ಗಿಗಾವಾಟ್ ಮುಟ್ಟಿತು. ಆ ದಿನ ಬಠಿಂಡಾದ 460 ಮೆಗಾವಾಟ್ ಲೆಕ್ಕದಲ್ಲಿರಲಿಲ್ಲ.

ಅದೇ 2023ರ ಜನವರಿಯಲ್ಲಿ ಇನ್ನೊಂದು ನಿಯಮವೂ ಬಂತು. ಹಗಲು ಸೌರವಿದ್ಯುತ್ ಧಾರಾಳವಾಗಿ ಹರಿಯುವಾಗ ಕಲ್ಲಿದ್ದಲು ಯೂನಿಟ್‌ಗಳು ಶೇ 55ಕ್ಕೆ, ಮುಂದೆ ಶೇ 40ಕ್ಕೆ ಇಳಿಯಬೇಕು. ಸೂರ್ಯ ಮುಳುಗುತ್ತಿದ್ದಂತೆ ಸರಸರನೆ ಮೇಲೇರಬೇಕು. ಎನ್‌ಟಿಪಿಸಿ 2018ರಲ್ಲಿ ದಾದ್ರಿಯಲ್ಲಿ ಜರ್ಮನಿಯ ಸಹಕಾರದಿಂದ ಶೇ 40ರ ಪ್ರಯೋಗ ಮಾಡಿ ನೋಡಿತ್ತು. ದೊಡ್ಡ ಯಂತ್ರದಲ್ಲಿ, ಒಳ್ಳೆಯ ನಿಯಂತ್ರಣ ವ್ಯವಸ್ಥೆಯಲ್ಲಿ, ಅದು ಸಾಧ್ಯವಾಯಿತು. ಆದರೆ ಹಳೆಯ 210ರ ಯಂತ್ರಗಳು ಇಡೀ ದಿನ ಒಂದೇ ಹದದಲ್ಲಿ ಉರಿಯಲೆಂದು ಹುಟ್ಟಿದವು. ಜ್ವಾಲೆ ಸಣ್ಣದಾದರೆ ಆರುತ್ತದೆ, ಆರದಂತೆ ಎಣ್ಣೆ ಸುರಿಯಬೇಕು. ದಿನಕ್ಕೊಮ್ಮೆ ಬಿಸಿಯಾಗಿ ತಣಿಯುವ ಉಕ್ಕು ಬೇಗ ಸೀಳುತ್ತದೆ. ಈಗ ಕೇಳುತ್ತಿರುವ ದುಡ್ಡು ಯಂತ್ರ ಹೆಚ್ಚು ದುಡಿಯಲಿ ಎಂದಲ್ಲ, ಕೆಡದೆ ಕಡಿಮೆ ದುಡಿಯಲಿ ಎಂದು. 1984ರ ಎಂಜಿನಿಯರಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದ.

ಕಡಲಾಚೆಯೂ ಇಂಥದೇ ಲೆಕ್ಕಾಚಾರ ನಡೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಇಂಧನ ಇಲಾಖೆ ಕಲ್ಲಿದ್ದಲು ಸ್ಥಾವರಗಳಿಗೆ 62.5 ಕೋಟಿ ಡಾಲರ್ ಘೋಷಿಸಿತು. ಅದರಲ್ಲಿ 35 ಕೋಟಿ ಹಳೆಯ ಸ್ಥಾವರಗಳನ್ನು ಮತ್ತೆ ಹೊತ್ತಿಸಲು, ಸುಧಾರಿಸಲು. ಅರವತ್ತು ವರ್ಷದ ಹಿಂದೆ ಬಂಡೇಲ್‌ಗೆ ಹಣ ಕೊಟ್ಟಿದ್ದ ಅಮೆರಿಕದ ವಿದೇಶಿ ನೆರವಿನ ಯುಎಸ್‌ಏಡ್ ಸಂಸ್ಥೆಗೆ ಬೀಗ ಬಿದ್ದದ್ದೂ ಅದೇ ವರ್ಷ.

1984ರಲ್ಲಿ ಪಟ್ಟಿಯ ಹೊರಗಿದ್ದ ರಾಯಚೂರಿನ ಮೊದಲ ಯೂನಿಟ್ 2025ರ ಮಾರ್ಚ್‌ನಲ್ಲಿ ನಲವತ್ತು ತುಂಬಿಸಿತು. 25 ವರ್ಷ ದಾಟಿದ ಇಂಥ ಯಂತ್ರಗಳ ಮುಂದೆ ನವೀಕರಣ, ನಿವೃತ್ತಿ ಎರಡೂ ಅಲ್ಲದ ಮೂರನೇ ದಾರಿಯೊಂದನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2009ರಲ್ಲೇ ತೆರೆದಿಟ್ಟಿದೆ. ಅದರ ವ್ಯಾಪ್ತಿಯ ಸ್ಥಾವರಗಳು ದೊಡ್ಡ ರಿಪೇರಿಗೆ ಕೈಹಾಕದೆ, ಅದರ ಬದಲಿಗೆ ‘ವಿಶೇಷ ಭತ್ಯೆ’ ಪಡೆಯಬಹುದು. ಆಗ ಅದು ಮೆಗಾವಾಟಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ. 2019ರಲ್ಲಿ 9.5 ಲಕ್ಷವಾಯಿತು, 2024ರಿಂದ 10.75 ಲಕ್ಷ. 210 ಮೆಗಾವಾಟಿನ ಯೂನಿಟ್ಟಿಗೆ ವರ್ಷಕ್ಕೆ 22 ಕೋಟಿ ರೂಪಾಯಿಗೂ ಹೆಚ್ಚು. ಟೆಂಡರ್ ಕರೆಯಬೇಕಿಲ್ಲ, ವಿಶ್ವಬ್ಯಾಂಕಿನ ಬಾಗಿಲು ತಟ್ಟಬೇಕಿಲ್ಲ, ಯಂತ್ರವನ್ನು ಒಂದೂವರೆ ವರ್ಷ ನಿಲ್ಲಿಸಬೇಕಿಲ್ಲ. ಕೊಡುವವನು ಕರೆಂಟಿನ ಬಿಲ್ಲು ಕಟ್ಟುವ ಗ್ರಾಹಕ. ಬಹಳಷ್ಟು ಹಳೆಯ ಯೂನಿಟ್‌ಗಳ ಒಡೆಯರು ಆರಿಸಿಕೊಂಡದ್ದು ಇದನ್ನೇ.